ಮೋಗ್ಲಿಯ ಕಾಡು, ಖಾನಾಪುರದ ಕಾಡು

‘ಜಂಗಲ್ ಬುಕ್’ ತೋಳದ ಹಿಂಡಿನಲ್ಲಿ ಬೆಳೆದ ಮೋಗ್ಲಿ ಎಂಬ ಹುಡುಗನ ಕಥೆ ಹೇಳುವ ಕಾರ್ಟೂನ್ ಸರಣಿ. ಜಪಾನಿನ ನಿಪ್ಪಾನ್ ಅನಿಮೇಷನ್ ಸಂಸ್ಥೆ ಫುಮಿಯೊ ಕುರೊಕಾವಾ ನಿರ್ದೇಶನದಲ್ಲಿ ತಯಾರಿಸಿದ ಇದರ 52 ಕಂತುಗಳು 1989ರ ಅಕ್ಟೋಬರ್‌ನಿಂದ 1990ರ ಅಕ್ಟೋಬರ್‌ವರೆಗೆ ಟಿವಿ ಟೋಕಿಯೊದಲ್ಲಿ ಪ್ರಸಾರವಾದವು. 1993ರಲ್ಲಿ ಹಿಂದಿ ಮಾತು ಹೊತ್ತು ದೂರದರ್ಶನಕ್ಕೆ ಬಂದ ಮೇಲೆ ಭಾರತದ ಮಕ್ಕಳ ಭಾನುವಾರದ ಬೆಳಗು ಅದರದೇ ಆಯಿತು. ಮೂಲ, ರಡ್ಯರ್ಡ್ ಕಿಪ್ಲಿಂಗ್ 1894 ಮತ್ತು 1895ರಲ್ಲಿ ಪ್ರಕಟಿಸಿದ ಎರಡು ಪುಸ್ತಕಗಳು. ಕಥೆ ನಡೆಯುವ ಜಾಗ ಈಗಿನ ಮಧ್ಯಪ್ರದೇಶದ ಸಿವನಿ. ಬರೆದದ್ದು ಅಮೆರಿಕದಲ್ಲಿ, ಚಿತ್ರ ಬಿಡಿಸಿದ್ದು ಜಪಾನಿನಲ್ಲಿ, ಹಾಡಿದ್ದು ಹಿಂದಿಯಲ್ಲಿ. ಆದರೂ ಆ ಕಥೆಯ ಪ್ರಾಣಿಗಳನ್ನು ಹುಡುಕಿಕೊಂಡು ಕನ್ನಡಿಗರು ಸಿವನಿವರೆಗೆ ಹೋಗಬೇಕಿಲ್ಲ. ತೋಳವೊಂದನ್ನು ಬಿಟ್ಟರೆ ಮುಖ್ಯ ಪಾತ್ರಗಳೆಲ್ಲ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನಲ್ಲೇ ಸಿಗುತ್ತವೆ. ಅವು ಅಲ್ಲಿ ಬಾಳುವ ರೀತಿಗೂ ಕಥೆಯಲ್ಲಿ ಬಾಳಿದ ರೀತಿಗೂ ಇರುವ ಅಂತರ ಮಾತ್ರ ದೊಡ್ಡದು.

ಬೆಳಗಾವಿಯಲ್ಲಿ ಈ ಸರಣಿಗೆ ಒಂದು ಅನುಕೂಲವಿತ್ತು. ಶಹಾಪುರ, ವಡಗಾವಿಯ ನೇಕಾರರ ಓಣಿಗಳಲ್ಲಿ ಕನ್ನಡ, ಮರಾಠಿ ಎರಡೂ ನಡೆಯುತ್ತವೆ. ಕ್ಯಾಂಪಿನಲ್ಲಿ ಉರ್ದು, ಕೊಂಕಣಿ, ಇಂಗ್ಲಿಷು ಸೇರಿಕೊಳ್ಳುತ್ತವೆ. ಹುಡುಗರು ಆಟಕ್ಕೆ ನಿಂತಾಗ ಎಲ್ಲ ಬೆರಕೆ. ಹಿಂದಿ ಇಲ್ಲಿ ಹೆಚ್ಚಿನವರ ಮನೆಮಾತಲ್ಲ, ಹಾಗೆಂದು ಯಾರಿಗೂ ಪರಕೀಯವೂ ಅಲ್ಲ. ಭಾಷೆಯ ವಿಷಯದಲ್ಲಿ ಆಗಾಗ ಬಿಸಿಯೇರುವ ಈ ಊರಿನಲ್ಲಿ ಮೋಗ್ಲಿ ಯಾವ ಪಕ್ಷಕ್ಕೂ ಸೇರದೆ ಎಲ್ಲರ ಹುಡುಗನಾದ. ಕಾಡಿನ ಅಂಚಿನ ಹಳ್ಳಿಗಳ ಮಾತು ಬೇರೆ. ಕರೆಂಟು, ಟಿವಿ ಇದ್ದ ಮನೆಗೆ ಊರಿನ ಅರ್ಧ ಮಕ್ಕಳು ಬಂದು ಕೂರುತ್ತಿದ್ದ ಕಾಲ ಅದು. ಗಾಳಿಗೆ ಆಂಟೆನಾ ತಿರುಗಿತೋ, ಒಬ್ಬ ಮಾಳಿಗೆ ಹತ್ತಿ ಅದನ್ನು ತಿರುಗಿಸಬೇಕು, ಇನ್ನೊಬ್ಬ ಕೆಳಗಿನಿಂದ ಬಂತೋ ಇಲ್ಲವೋ ಕೂಗಿ ಹೇಳಬೇಕು.

ಜಪಾನಿ ಸರಣಿಯನ್ನು ಇಲ್ಲಿನದನ್ನಾಗಿ ಮಾಡಿದ್ದು ಅದರ ಹಿಂದಿ ಶೀರ್ಷಿಕೆ ಗೀತೆ. ಬರೆದವರು ಗುಲ್ಜಾರ್, ರಾಗ ಹಾಕಿದವರು ವಿಶಾಲ್ ಭಾರದ್ವಾಜ್. ‘ಮಾಚಿಸ್’ ಚಿತ್ರದಿಂದ ಅವರು ಹೆಸರಾಗಲು ಇನ್ನೂ ಮೂರು ವರ್ಷ ಬಾಕಿಯಿತ್ತು. ಆ ಹಾಡಿನಲ್ಲಿ ಬರುವ ಚಡ್ಡಿಯ ಪ್ರಸ್ತಾಪಕ್ಕೆ ಆಕ್ಷೇಪ ಬಂದಿತ್ತೆಂದೂ ಗುಲ್ಜಾರ್ ಅದನ್ನು ತೆಗೆಯಲು ಒಪ್ಪಲಿಲ್ಲವೆಂದೂ ವರದಿಗಳಿವೆ. ಒಪ್ಪದೇ ಇದ್ದದ್ದು ಒಳ್ಳೆಯದಾಯಿತು, ಏಕೆಂದರೆ ಮಕ್ಕಳಿಗೆ ಇಷ್ಟವಾದದ್ದೇ ಆ ಚಡ್ಡಿ. ಶೇರ್ ಖಾನ್ ಹುಲಿಗೆ ದನಿ ಕೊಟ್ಟವರು ನಾನಾ ಪಾಟೇಕರ್. ಹುಲಿಯ ಸಿಟ್ಟಿಗಿಂತ ಅದರ ಬಾಯಿಂದ ಹೊರಡುವ ಆ ಕಟಕಿಯ ಮಾತಿಗೇ ಮಕ್ಕಳು ಹೆದರುತ್ತಿದ್ದರು. 2016ರಲ್ಲಿ ಡಿಸ್ನಿಯ ಹೊಸ ಚಿತ್ರ ಹಿಂದಿಯಲ್ಲಿ ಬಂದಾಗ ಹುಲಿಯ ಮಾತಿಗೆ ಮತ್ತೆ ಅವರನ್ನೇ ಕರೆದರು, ಹಳೆಯ ಹಾಡನ್ನೂ ಹೊಸದಾಗಿ ಹಾಡಿಸಿದರು. ಕೊರೊನಾ ಲಾಕ್‌ಡೌನಿನ 2020ರ ಏಪ್ರಿಲ್‌ನಲ್ಲಿ ದೂರದರ್ಶನ ಜಪಾನಿ ಸರಣಿಯನ್ನು ಮರುಪ್ರಸಾರ ಮಾಡಿತು.

ಕನ್ನಡದ ಮಕ್ಕಳಿಗೆ ಕನ್ನಡದಲ್ಲೇ ಕಾರ್ಟೂನ್ ನೋಡುವ ಯೋಗ ತಡವಾಗಿ ಬಂತು. ಡಬ್ಬಿಂಗ್ ಬೇಡವೆಂಬ ಚಿತ್ರರಂಗದ ಪಟ್ಟು ದಶಕಗಳ ಕಾಲ ಬಿಗಿಯಾಗಿತ್ತು. 2009ರಲ್ಲಿ ಸನ್ ಬಳಗದ ಚಿಂಟು ಟಿವಿ ಶುರುವಾದ ಮೇಲೆ ಪರಭಾಷೆಯ ಕಾರ್ಟೂನುಗಳು ದಿನವಿಡೀ ಕನ್ನಡ ಮಾತಾಡತೊಡಗಿದವು. ಮೋಗ್ಲಿಯನ್ನು ನೋಡಿ ಬೆಳೆದ ತಲೆಮಾರು ಅಷ್ಟರಲ್ಲಿ ನೌಕರಿಗೆ ಸೇರಿತ್ತು.

ಕಥೆಯ ಹುಟ್ಟಿಗೆ ಬರೋಣ. ಕಿಪ್ಲಿಂಗ್ ಹುಟ್ಟಿದ್ದು 1865ರ ಡಿಸೆಂಬರ್ 30ರಂದು, ಮುಂಬೈಯಲ್ಲಿ. ಈತ ಲಾಹೋರ್ ಮತ್ತು ಅಲಹಾಬಾದಿನ ಪತ್ರಿಕೆಗಳಲ್ಲಿ ದುಡಿದು 1889ರಲ್ಲಿ ಭಾರತ ಬಿಟ್ಟ. ಮೋಗ್ಲಿಯ ಕಥೆಗಳನ್ನು ಬರೆಯುವ ಹೊತ್ತಿಗೆ ಮದುವೆಯಾಗಿ, ಹೆಂಡತಿಯ ಕಡೆಯವರಿದ್ದ ಅಮೆರಿಕದ ವರ್ಮಾಂಟಿನಲ್ಲಿ ಚಿಕ್ಕ ಬಾಡಿಗೆ ಮನೆಯೊಂದರಲ್ಲಿದ್ದ. 1892ರ ಚಳಿಗಾಲ, ಹೊರಗೆ ಹಿಮ ಕಿಟಕಿಯ ಮಟ್ಟ, ಒಳಗೆ ಆಗಷ್ಟೇ ಹುಟ್ಟಿದ ಮಗಳು ಜೋಸೆಫೀನ್. ಅಲ್ಲಿ ಕೂತು ಈತ ಬರೆದದ್ದು ಬೇಸಿಗೆಯಲ್ಲಿ ಹೊಳೆ ಬತ್ತುವ ಕಾಡಿನ ಕಥೆ. ಸಿವನಿ ಕಾಡನ್ನು ಈತ ಕಣ್ಣಾರೆ ಕಂಡಿರಲಿಲ್ಲ. ಅಲಹಾಬಾದಿನಲ್ಲಿ ತಾನಿದ್ದ ಮನೆಯ ಹಿಲ್ ದಂಪತಿ ಅಲ್ಲಿ ತೆಗೆದ ಫೋಟೊಗಳನ್ನು ನೋಡಿದ್ದ, ಅವರ ಮಾತು ಕೇಳಿದ್ದ. ತೋಳಗಳು ಹುಡುಗನನ್ನು ಸಾಕಿಕೊಳ್ಳುವ ಮೊದಲ ಕಥೆ 1894ರ ಜನವರಿಯಲ್ಲಿ ‘ಸೇಂಟ್ ನಿಕೋಲಸ್’ ಎಂಬ ಮಕ್ಕಳ ಮಾಸಿಕದಲ್ಲಿ ಅಚ್ಚಾಯಿತು. ಅದೇ ವರ್ಷ ಪುಸ್ತಕವೂ ಬಂತು. ಪುಸ್ತಕದ ಕೆಲವು ಚಿತ್ರಗಳನ್ನು ಬರೆದವನು ತಂದೆ ಜಾನ್ ಲಾಕ್‌ವುಡ್ ಕಿಪ್ಲಿಂಗ್. ಮಗಳಿಗೆಂದು ಲೇಖಕ ಕೈಬರಹದಲ್ಲಿ ಅರ್ಪಣೆ ಬರೆದುಕೊಟ್ಟ ಪ್ರತಿಯೊಂದು 2010ರಲ್ಲಿ ಇಂಗ್ಲೆಂಡಿನ ಹಳೆಯ ಬಂಗಲೆಯೊಂದರ ಗ್ರಂಥಾಲಯದಲ್ಲಿ ಸಿಕ್ಕಿತು. ಆ ಮಗಳು ಆರನೆಯ ವಯಸ್ಸಿಗೇ, 1899ರಲ್ಲಿ, ತೀರಿಕೊಂಡಿದ್ದಳು.

ತೋಳ ಸಾಕಿದ ಮಗುವಿನ ಕಲ್ಪನೆ ಕಿಪ್ಲಿಂಗ್‌ನ ಸ್ವಂತದ್ದಲ್ಲ. ಥಗ್ಗರನ್ನು ಅಡಗಿಸಿದವನೆಂದು ಹೆಸರಾದ ಸ್ಲೀಮನ್ ಅವಧ್ ಸೀಮೆಯಲ್ಲಿ ತೋಳದ ಗವಿಯಿಂದ ಹಿಡಿದು ತಂದರೆನ್ನಲಾದ ಮಕ್ಕಳ ವಿವರಗಳನ್ನು ಸೇರಿಸಿ 1852ರಲ್ಲಿ ಕಿರುಹೊತ್ತಿಗೆ ಮಾಡಿಸಿದ್ದ. ಆಗ್ರಾ ಬಳಿಯ ಸಿಕಂದ್ರಾ ಅನಾಥಾಲಯದಲ್ಲಿ ಅಂಥ ಹುಡುಗನೊಬ್ಬ ವರ್ಷಗಟ್ಟಲೆ ಇದ್ದ. ಇವರಲ್ಲಿ ಯಾರೂ ಮೋಗ್ಲಿಯಂತೆ ಚುರುಕಾಗಿರಲಿಲ್ಲ. ಹೆಚ್ಚಿನವರಿಗೆ ಮಾತೇ ಬರಲಿಲ್ಲ. ಬುದ್ಧಿಮಾಂದ್ಯ ಅಥವಾ ತೊರೆದುಬಿಟ್ಟ ಮಕ್ಕಳ ಸುತ್ತ ಇಂಥ ಕಥೆಗಳು ಹುಟ್ಟಿಕೊಂಡವೆಂದು ಈಗಿನ ವಿದ್ವಾಂಸರು ಹೇಳುತ್ತಾರೆ.

ಪ್ರಾಣಿಗಳ ವಿವರಕ್ಕೆ ಕಿಪ್ಲಿಂಗ್ ಅವಲಂಬಿಸಿದ್ದು ರಾಬರ್ಟ್ ಸ್ಟರ್ನ್‌ಡೇಲ್‌ನನ್ನು. ಸಿವನಿಯ ಕಾಡಿನ ಶಿಬಿರ ಜೀವನದ ಬಗ್ಗೆ 1877ರಲ್ಲಿ ಒಂದು ಪುಸ್ತಕ, ಭಾರತದ ಸಸ್ತನಿಗಳ ಬಗ್ಗೆ 1884ರಲ್ಲಿ ಇನ್ನೊಂದು ಬರೆದವನು ಈತ. ಇಲ್ಲಿಂದ ದಾರಿ ಸೀದಾ ಖಾನಾಪುರಕ್ಕೆ ತಿರುಗುತ್ತದೆ. 1883ರಲ್ಲಿ ಹುಟ್ಟಿದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ 1886ರಲ್ಲಿ ತನ್ನ ಪತ್ರಿಕೆ ಆರಂಭಿಸಿದಾಗ ಅದರ ಮೊದಲ ಸಂಪಾದಕರು ಇಬ್ಬರು: ಒಬ್ಬ ಸ್ಟರ್ನ್‌ಡೇಲ್, ಇನ್ನೊಬ್ಬ ಇ. ಎಚ್. ಐಟ್ಕೆನ್, ಉತ್ತರ ಕನ್ನಡದಲ್ಲಿ, ಗೋವಾ ಗಡಿಯಲ್ಲಿ ಸುಂಕ ಇಲಾಖೆಯ ಅಧಿಕಾರಿಯಾಗಿದ್ದವನು. ಇದೇ ಸೊಸೈಟಿ ಮುಂದೆ ದೇಶದ ಸಸ್ತನಿಗಳ ಸಮೀಕ್ಷೆಗೆ ಕೈಹಾಕಿತು. ಆ ಕೆಲಸದ ಬೆನ್ನೆಲುಬಾಗಿದ್ದವನು ಮುಂಬೈ ಪ್ರಾಂತದ ನಿವೃತ್ತ ಅರಣ್ಯಾಧಿಕಾರಿ ರಾಟನ್. 1912ರಲ್ಲಿ ಸಮೀಕ್ಷೆಯ ತಂಡ ಖಾನಾಪುರದ ಬಾರಾಪೇಡೆ ಗವಿಗಳನ್ನು ಹೊಕ್ಕಿತು. ಅಲ್ಲಿ ಹೊಸ ಜಾತಿಯ ಬಾವಲಿಯನ್ನು ಕಂಡವನು ಎಸ್. ಎಚ್. ಪ್ರೇಟರ್, ಮುಂದೆ ಭಾರತದ ಸಂವಿಧಾನ ಸಭೆಯ ಸದಸ್ಯನೂ ಆದವನು. ಹಣೆಯ ಮೇಲೆ ಒಂದಕ್ಕೊಂದು ಕೂಡಿಕೊಂಡಂತಿರುವ ದೊಡ್ಡ ಕಿವಿಗಳು, ಕಡುಗಂದು ಮೈ, ಹೆಗಲಿನ ಸುತ್ತ ಬೂದುಬಿಳಿ ಪಟ್ಟಿ, ಪೊರೆಯಿಂದ ಹೊರಚಾಚಿದ ಬಾಲ. 1913ರಲ್ಲಿ ಅದಕ್ಕೆ ರಾಟನ್‌ನ ಹೆಸರಿಟ್ಟರು. ಆಮೇಲೆ ಎಂಟು ದಶಕಗಳಿಗೂ ಹೆಚ್ಚು ಕಾಲ ಜಗತ್ತಿಗೆ ಗೊತ್ತಿದ್ದ ಅದರ ನೆಲೆ ಖಾನಾಪುರದ ಈ ಗವಿಯೊಂದೇ. 2000ದ ಸುಮಾರಿಗೆ ಕಾಂಬೋಡಿಯಾ, ಮೇಘಾಲಯಗಳಲ್ಲಿ ಅದು ಪತ್ತೆಯಾಯಿತು. ಕಿಪ್ಲಿಂಗ್‌ನ ಕಾಡಿನಲ್ಲಿ ರಾತ್ರಿಯನ್ನು ತೆರೆಯುವ ಮಾಂಗ್ ಎಂಬ ಬಾವಲಿಯಿದೆ. ಅದರ ಮೈಬಣ್ಣವನ್ನಾಗಲಿ ಕಿವಿಯನ್ನಾಗಲಿ ಆತ ವರ್ಣಿಸಲಿಲ್ಲ.

ಆ ಕಾಲ್ಪನಿಕ ಜಗತ್ತಿನ ನಕ್ಷೆ ತೀರ ಚಿಕ್ಕದು. ನಡುವೆ ವೈನ್‌ಗಂಗಾ ಹೊಳೆ. ಒಂದು ಕಡೆ ತೋಳಗಳು ಸಭೆ ಸೇರುವ ಬಂಡೆ. ತುದಿಯಲ್ಲಿ ಒಂಟಿಯಾಗಿ ಮಲಗಿರುವ ಹಿಂಡಿನ ಯಜಮಾನ ಅಕೇಲಾ. ಇನ್ನೊಂದು ಕಡೆ ಕೋತಿಗಳು ಆಳುವ ಹಾಳು ಪಟ್ಟಣ. ಜೇನುಗೂಡು ತುಂಬಿದ ಕಮರಿ. ಅಂಚಿನಲ್ಲಿ ದನಕಾಯುವವರ ಹಳ್ಳಿ. ಅಷ್ಟೇ. ಈ ಪುಟ್ಟ ಜಗತ್ತಿಗೆ ದೊಡ್ಡ ಕಾಯಿದೆಯಿದೆ: ಯಾರು ಎಲ್ಲಿ ಬೇಟೆಯಾಡಬೇಕು, ಮಾಂಸವನ್ನು ಹೇಗೆ ಹಂಚಬೇಕು, ಬರಗಾಲದಲ್ಲಿ ನೀರಿಗೆ ಬಂದ ಜಿಂಕೆಯನ್ನು ಹುಲಿಯೂ ಮುಟ್ಟಬಾರದು. ಮಕ್ಕಳಿಗೆ ಇದನ್ನು ಬಾಯಿಪಾಠ ಮಾಡಿಸುವ ಮಾಸ್ತರು ಬಾಲು ಕರಡಿ. ಬೆಂಕಿಗೆ ಕೆಂಪು ಹೂವೆಂಬ ಹೆಸರು. ಅದನ್ನು ಮುಟ್ಟಬಲ್ಲವನು ಮನುಷ್ಯ ಮಾತ್ರ. ಈ ಕಟ್ಟಳೆ ಸಿವನಿಯದೂ ಅಲ್ಲ, ಭಾರತದ್ದೂ ಅಲ್ಲ. 1895ರಲ್ಲಿ ಕಿಪ್ಲಿಂಗ್ ಬರೆದ, 2013ರಲ್ಲಿ ಮಾರಾಟಕ್ಕೆ ಬಂದ ಪತ್ರವೊಂದರಲ್ಲಿ ಇದರ ಒಂದಷ್ಟು ಭಾಗ ಎಸ್ಕಿಮೋ ಜನ ಬೇಟೆಯನ್ನು ಪಾಲು ಮಾಡಿಕೊಳ್ಳುವ ನಿಯಮಗಳಿಂದ ಬಂದದ್ದೆಂದು ಆತನೇ ಒಪ್ಪಿಕೊಂಡಿದ್ದಾನೆ; ಎಲ್ಲೆಲ್ಲಿಂದ ಎತ್ತಿಕೊಂಡೆನೋ ನೆನಪಿಲ್ಲವೆಂದೂ ಹೇಳಿದ್ದಾನೆ. ಪಂಚತಂತ್ರ ಕೇಳಿ ಬೆಳೆದವರಿಗೆ ಮಾತಾಡುವ ನರಿ, ಸಿಂಹಗಳು ಹೊಸದಲ್ಲ. ಹೊಸದೆಂದರೆ ಆ ಶಿಸ್ತು, ಸೈನ್ಯದ ಶಿಬಿರದ ಗಾಳಿ. ಜಾಣತನದಿಂದ ಗೆಲ್ಲುವ ಪಂಚತಂತ್ರದ ನರಿಗೆ ಕಿಪ್ಲಿಂಗ್‌ನ ಕಾಡಿನಲ್ಲಿ ಜಾಗವಿಲ್ಲ. ಅಲ್ಲಿರುವ ನರಿ ತಬಾಕಿ ಎಂಜಲು ತಿನ್ನುವ ಚಾಡಿಕೋರ.

ಎರಡೂ ಪುಸ್ತಕ ಸೇರಿ ಕಥೆಗಳು ಹದಿನೈದು. ಮೋಗ್ಲಿ ಬರುವುದು ಎಂಟರಲ್ಲಿ ಮಾತ್ರ. ದಂಡಿನ ಊರಿನ ಬಂಗಲೆಯಲ್ಲಿ ನಾಗರಹಾವಿನೊಡನೆ ಕಾದುವ ಮುಂಗುಸಿಯಂಥವು ಮಿಕ್ಕವು. ಎಂಟು ಕಥೆಗಳನ್ನು ಜಪಾನಿನವರು ಒಂದು ವರ್ಷ ಓಡಿಸಬೇಕಿತ್ತು, ಆದ್ದರಿಂದ ಹಿಗ್ಗಿಸಿದರು. ಮೋಗ್ಲಿಗೆ ಅಲೆಕ್ಸಾಂಡರ್ ಎಂಬ ತೋಳ ತಂದೆ, ಲೂರಿ ಎಂಬ ತಾಯಿ, ಅಕ್ರು, ಸುರಾ ಎಂಬ ಅಣ್ಣತಮ್ಮಂದಿರು, ಲಾಲಾ ಎಂಬ ಹೆಣ್ಣು ತೋಳ ಬಂದರು. ಕಿಚಿ ಎಂಬ ಕೆಂಪು ಪಾಂಡಾ ಬಂತು. ಹಿಮಾಲಯದ ತಂಪಿನಲ್ಲಿ ಬಿದಿರು ತಿನ್ನುವ ಪ್ರಾಣಿಗೆ ಸಿವನಿಯ ಬಿಸಿಲಿನಲ್ಲಿ ಏನು ಕೆಲಸವೆಂದು ಯಾವ ಮಗುವೂ ಕೇಳಲಿಲ್ಲ. ಮೋಗ್ಲಿಯ ಕೈಗೆ ಆಸ್ಟ್ರೇಲಿಯಾದ ಬೂಮರಾಂಗ್ ಕೊಟ್ಟರು. ಪುಸ್ತಕದ ಮೋಗ್ಲಿ ಹಿಡಿದದ್ದು ಚೂರಿ. ಎಸೆದರೆ ತಿರುಗಿ ಕೈಗೇ ಬರುವ ಆಯುಧ ಟಿವಿಗೆ ಹೆಚ್ಚು ಒಪ್ಪುತ್ತದೆ. ಕಾ ಹೆಬ್ಬಾವಿನ ವಿಷಯದಲ್ಲಿ ಮಾತ್ರ ಜಪಾನಿಗಳು ಡಿಸ್ನಿಗಿಂತ ಪ್ರಾಮಾಣಿಕರು: ಕಿಪ್ಲಿಂಗ್‌ನಲ್ಲಿದ್ದಂತೆ ಅದು ಮೋಗ್ಲಿಯ ಕಡೆಯದಾಗಿಯೇ ಉಳಿಯಿತು. 1967ರ ಡಿಸ್ನಿ ಚಿತ್ರ ಕಾನನ್ನು ಕೋಡಂಗಿಯನ್ನಾಗಿ ಮಾಡಿತು, ಭಾರತದಲ್ಲಿಲ್ಲದ ಒರಾಂಗುಟಾನನ್ನು ಕೋತಿಗಳ ರಾಜನನ್ನಾಗಿ ಕೂರಿಸಿತು. ಅದೇ ವರ್ಷದಿಂದ ಸೋವಿಯತ್ ಒಕ್ಕೂಟದಲ್ಲಿ ಐದು ಭಾಗಗಳಲ್ಲಿ ಬಂದ ಚಿತ್ರಮಾಲೆಯಲ್ಲಿ ಕರಿಚಿರತೆ ಬಗೀರಾ ಹೆಣ್ಣು. ಹಾಸ್ಯ ಕಡಿಮೆ, ಗಾಂಭೀರ್ಯ ಹೆಚ್ಚು. ಪುಸ್ತಕಕ್ಕೆ ಅದೇ ಹತ್ತಿರ. ಡಿಸ್ನಿ 1990ರಲ್ಲಿ ಬಾಲುವನ್ನು ಸರಕು ವಿಮಾನದ ಪೈಲಟ್ ಮಾಡಿ ಇನ್ನೊಂದು ಸರಣಿ ತೆಗೆಯಿತು. ದೂರದರ್ಶನದಲ್ಲಿ ಅದೂ ಬಂತು. 2010ರ ಕಂಪ್ಯೂಟರ್ ಸರಣಿಯ ತಯಾರಿಕೆಯಲ್ಲಿ ಹೈದರಾಬಾದಿನ ಡಿಕ್ಯೂ ಎಂಟರ್‌ಟೇನ್‌ಮೆಂಟ್ ಪಾಲುದಾರ.

ಟಿವಿ ಬರುವುದಕ್ಕೆ ಎಷ್ಟೋ ಮೊದಲು ಅಕೇಲಾ ಶಾಲೆಗಳಿಗೆ ಬಂದಿದ್ದ. 1916ರಲ್ಲಿ ಬೇಡನ್ ಪೊವೆಲ್ ಚಿಕ್ಕ ಹುಡುಗರಿಗಾಗಿ ಸ್ಕೌಟಿನಲ್ಲಿ ಮರಿತೋಳಗಳ ವಿಭಾಗ ತೆರೆದಾಗ ಕಿಪ್ಲಿಂಗ್‌ನ ಒಪ್ಪಿಗೆ ಪಡೆದು ಈ ಕಥೆಯನ್ನೇ ಚೌಕಟ್ಟು ಮಾಡಿಕೊಂಡ. ಕಬ್ ಮಕ್ಕಳು ವೃತ್ತಾಕಾರ ಕುಕ್ಕರಗಾಲಲ್ಲಿ ಕೂತು ಕೂಗು ಹಾಕುವ ಪದ್ಧತಿಯ ಮೂಲ ತೋಳಗಳ ಆ ಬಂಡೆಯ ಸಭೆ.

ಇನ್ನು ಖಾನಾಪುರ. ಬೆಳಗಾವಿಯಿಂದ ಜಾಂಬೋಟಿ ದಾರಿ ಹಿಡಿದು ಕಣಕುಂಬಿಯ ಕಡೆ ಹೊರಟರೆ ಕಬ್ಬು, ಗೋಡಂಬಿ ಮುಗಿದು ಸಹ್ಯಾದ್ರಿ ಶುರುವಾಗುತ್ತದೆ. ಮಲಪ್ರಭೆ ಹುಟ್ಟುವುದು ಕಣಕುಂಬಿಯಲ್ಲಿ. ಮಹದಾಯಿ ಹುಟ್ಟುವುದೂ ಈ ತಾಲೂಕಿನಲ್ಲೇ. 2011ರಲ್ಲಿ ಸರ್ಕಾರ ಇಲ್ಲಿನ 190.42 ಚದರ ಕಿಲೋಮೀಟರ್ ಕಾಡನ್ನು ಭೀಮಗಡ ವನ್ಯಧಾಮವೆಂದು ಸಾರಿತು. ಒಂದು ಬದಿಗೆ ಗೋವಾದ ಮಹದಾಯಿ ಅಭಯಾರಣ್ಯ, ಇನ್ನೊಂದು ಬದಿಗೆ ಕಾಳಿ ಹುಲಿ ಮೀಸಲು. ಪ್ರಾಣಿಗಳು ರಾಜ್ಯದ ಗಡಿ ಕೇಳದೆ ಓಡಾಡುವ ಪಟ್ಟಿ ಇದು. ನಡುವೆ ಕಾಡು ನುಂಗಿದ ಭೀಮಗಡ ಕೋಟೆ. ಮುಸಿಯಗಳು ಓಡಾಡುವ ಆ ಗೋಡೆಗಳ ಮೇಲೆ ನಿಂತವರಿಗೆ ಕೋತಿಗಳ ಹಾಳು ಪಟ್ಟಣ ನೆನಪಾದರೆ ಆಶ್ಚರ್ಯವಿಲ್ಲ.

ಬಗೀರಾ ಇಲ್ಲಿ ಇದ್ದಾನೆ. ಕರಿಚಿರತೆ ಬೇರೆ ಜಾತಿಯ ಪ್ರಾಣಿಯಲ್ಲ, ಮೈಯಲ್ಲಿ ಕಪ್ಪು ಬಣ್ಣ ಹೆಚ್ಚಾದ ಚಿರತೆಯೇ. ಓರೆ ಬಿಸಿಲಿನಲ್ಲಿ ನೋಡಿದರೆ ಕಪ್ಪಿನ ಒಳಗೆ ಚುಕ್ಕೆ ಕಾಣುತ್ತವೆ. ಮಳೆಕಾಡಿನ ಕತ್ತಲಿಗೆ ಈ ಬಣ್ಣ ಒಗ್ಗುತ್ತದೆ, ದಾಂಡೇಲಿ ಸೀಮೆ ಅದಕ್ಕೆ ಹೆಸರುವಾಸಿ. ಪುಸ್ತಕದ ಬಗೀರಾ ಉದಯಪುರದ ಅರಸನ ಪಂಜರದಲ್ಲಿ ಹುಟ್ಟಿ ತಪ್ಪಿಸಿಕೊಂಡು ಬಂದವನು. 2022ರ ಆಗಸ್ಟ್‌ನಲ್ಲಿ ಸಾಮಾನ್ಯ ಹಳದಿ ಚಿರತೆಯೊಂದು ಈ ದಾರಿಯನ್ನು ತಿರುವು ಮುರುವು ಮಾಡಿ ಬೆಳಗಾವಿ ನಗರಕ್ಕೇ ಬಂತು. ಜಾಧವ ನಗರದಲ್ಲಿ ಕಟ್ಟಡದ ಕೆಲಸಗಾರನೊಬ್ಬನ ಮೇಲೆ ಎರಗಿ ಗಾಲ್ಫ್ ಮೈದಾನದ ಪೊದೆಗಳಲ್ಲಿ ಸೇರಿಕೊಂಡಿತು. ಸುತ್ತಲಿನ 22 ಶಾಲೆಗಳಿಗೆ ರಜೆ ಕೊಟ್ಟರು. ಬೋನು, ಬಲೆ, ಡ್ರೋನು ಎಲ್ಲ ಆದವು. ಶಿವಮೊಗ್ಗದ ಸಕ್ರೆಬೈಲಿನಿಂದ ಎರಡು ಆನೆ ತರಿಸಿ, ಅರಿವಳಿಕೆ ಬಂದೂಕು ಹಿಡಿದವರನ್ನು ಹತ್ತಿಸಿ ಹುಡುಕಿದರು. ಮನುಷ್ಯನ ಮೇಲೆ ಎರಗಬಾರದು, ಎರಗಿದರೆ ಆನೆ ಏರಿದ ಬಂದೂಕಿನವರೂ ತಮಟೆ ಹಿಡಿದ ನೂರಾರು ಜನರೂ ಬರುತ್ತಾರೆ ಎಂಬುದು ಕಿಪ್ಲಿಂಗ್‌ನ ಕಾಯಿದೆಯಲ್ಲಿ ಕೊಟ್ಟಿರುವ ಕಾರಣ. ಒಂದೂಕಾಲು ಶತಮಾನ ಕಳೆದರೂ ಆ ಒಂದು ಕಲಮು ಅಕ್ಷರಶಃ ಜಾರಿಯಲ್ಲಿತ್ತು. ಚಿರತೆ ಮಾತ್ರ ಸಿಗಲಿಲ್ಲ.

ಬಾಲು ಕಥೆಯ ಅತಿ ದೊಡ್ಡ ಸುಳ್ಳು. ಭಾರತದ ಕಾಡಿನ ಕರಡಿ ಗೆದ್ದಲು ಹೀರಿ, ಜೇನು ಕಿತ್ತು, ಹಣ್ಣು ತಿಂದು ಬದುಕುವುದು ನಿಜ. ಅಷ್ಟರಮಟ್ಟಿಗೆ ಕಿಪ್ಲಿಂಗ್ ಸರಿ. ಆದರೆ ಅದಕ್ಕೆ ಕಣ್ಣು ಮಂದ, ಕೋಪ ಹೆಚ್ಚು. ಗೆದ್ದಲು ಹೀರುವ ಗದ್ದಲದಲ್ಲಿ ಮನುಷ್ಯ ಹತ್ತಿರ ಬಂದದ್ದು ಗೊತ್ತಾಗುವುದಿಲ್ಲ, ಗೊತ್ತಾದಾಗ ಓಡುವ ಬದಲು ಎದ್ದು ನಿಂತು ಮುಖಕ್ಕೇ ಉಗುರು ಹಾಕುತ್ತದೆ. ಹೊಲಕ್ಕೆ, ಸೌದೆಗೆ, ದನ ಮೇಯಿಸಲು ಹೋದವರ ಮೇಲೆ ಕರಡಿ ದಾಳಿ ಮಾಡಿದ ಸುದ್ದಿ ಖಾನಾಪುರದಿಂದ ಆಗಾಗ ಬರುತ್ತದೆ. ಕಾಡಂಚಿನ ಜನ ಹುಲಿಗಿಂತ ಹೆಚ್ಚಾಗಿ ಹೆದರುವುದು ಈ ಮಾಸ್ತರಿಗೇ.

ತೋಳದ ವಿಷಯ ಉಲ್ಟಾ. ಅದು ದಟ್ಟ ಮಳೆಕಾಡಿನ ಪ್ರಾಣಿಯೇ ಅಲ್ಲ. ಕುರುಚಲು, ಹುಲ್ಲುಗಾವಲು, ಕುರಿ ಹಿಂಡು ಇರುವ ಒಣ ನಾಡು ಅದರದು. ಹಾಗಾಗಿ ಬೆಳಗಾವಿಯಿಂದ ತೋಳ ಹುಡುಕುವವರು ಖಾನಾಪುರಕ್ಕೆ ಬೆನ್ನು ಹಾಕಿ ಸವದತ್ತಿ, ಗೋಕಾಕದ ಬಯಲುಸೀಮೆಯ ಕಡೆ ನಡೆಯಬೇಕು. ಅಲ್ಲಿನ ಕುರಿಗಾರರಿಗೆ ತೋಳ ಅಕೇಲಾನೂ ಅಲ್ಲ, ಲೂರಿಯೂ ಅಲ್ಲ. ರಾತ್ರಿ ಹಟ್ಟಿಗೆ ನುಗ್ಗುವ ಕಳ್ಳ. ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ 332 ಹೆಕ್ಟೇರನ್ನು ತೋಳಗಳಿಗೆಂದೇ ವನ್ಯಧಾಮ ಮಾಡಿದ್ದು ಈಚಿನ ಮಾತು.

ಖಾನಾಪುರದಲ್ಲಿ ಹಿಂಡು ಕಟ್ಟಿ ಬೇಟೆಯಾಡುವುದು ಸೀಳುನಾಯಿ. ಕಿಪ್ಲಿಂಗ್ ಅದಕ್ಕೆ ಖಳನಾಯಕನ ಪಾತ್ರ ಕೊಟ್ಟ. ಎರಡನೆಯ ಪುಸ್ತಕದ ಅತ್ಯಂತ ರಕ್ತಸಿಕ್ತ ಕಥೆಯಲ್ಲಿ ದಖ್ಖನದಿಂದ ಕೆಂಪು ನಾಯಿಗಳ ದಂಡು ಬಡಗಣಕ್ಕೆ ಏರಿ ಬರುತ್ತದೆ. ಸಂಖ್ಯೆ ಇನ್ನೂರು, ಆನೆಯೂ ದಾರಿ ಬಿಡುತ್ತದೆ. ಮೋಗ್ಲಿ ಕಾನ ಸಲಹೆಯಂತೆ ಅವನ್ನು ಕೆಣಕಿ ಜೇನು ಕಮರಿಗೆ ಓಡಿಸಿಕೊಂಡು ಹೋಗಿ ಹೊಳೆಗೆ ಹಾರುತ್ತಾನೆ. ಅರ್ಧ ನಾಯಿಗಳು ಹುಳಗಳಿಗೆ, ಉಳಿದವು ತೋಳಗಳ ಬಾಯಿಗೆ. ಅಕೇಲಾ ಸಾಯುವುದು ಆ ಕಾಳಗದಲ್ಲೇ. ಹೀಗೆ ನೋಡಿದರೆ ಕಥೆಯ ಪ್ರಕಾರ ಶತ್ರುವಿನ ದೇಶ ನಮ್ಮದೇ. ನಿಜವಾದ ಸೀಳುನಾಯಿ ಹಿಂಡಿನಲ್ಲಿ ಇರುವುದು ಹೆಚ್ಚಾಗಿ ಹತ್ತು ಹನ್ನೆರಡು. ಬೊಗಳುವುದಿಲ್ಲ, ಶಿಳ್ಳೆ ಹಾಕಿ ಒಂದನ್ನೊಂದು ಕರೆಯುತ್ತವೆ. ಬೇಟೆ ಬಿದ್ದಾಗ ಮರಿಗಳಿಗೆ ಮೊದಲು ತಿನ್ನಲು ಬಿಡುತ್ತವೆ. ಗವಿಯಲ್ಲಿ ಉಳಿದವಕ್ಕೆ ತಿಂದದ್ದನ್ನು ಕಕ್ಕಿ ಉಣಿಸುತ್ತವೆ. ಕಿಪ್ಲಿಂಗ್ ತೋಳಕ್ಕೆ ಹೊಂದಿಸಿಕೊಟ್ಟ ಸಂಸಾರದ ಗುಣಗಳೆಲ್ಲ ಇದರಲ್ಲಿವೆ. ಬ್ರಿಟಿಷರು ಮಾತ್ರ ಇದನ್ನು ಕೊಂದು ತಂದವರಿಗೆ ಇನಾಮು ಕೊಟ್ಟರು. ಹೆಸರು ಸುಧಾರಿಸಿದ್ದು 1970ರ ದಶಕದಿಂದೀಚೆಗೆ, ಅದೂ ಕರ್ನಾಟಕದಲ್ಲೇ: ಎ. ಜೆ. ಟಿ. ಜಾನ್‌ಸಿಂಗ್ ಬಂಡೀಪುರದಲ್ಲಿ ಹಿಂಡುಗಳ ಹಿಂದೆ ಅಲೆದು ಅಧ್ಯಯನ ಮಾಡಿದರು. ಆಮೇಲೆ ಕೃಪಾಕರ–ಸೇನಾನಿ ಜೋಡಿಯ ಚಿತ್ರಗಳು ಸೀಳುನಾಯಿಯ ಮನೆವಾರ್ತೆಯನ್ನು ಜಗತ್ತಿಗೆ ತೋರಿಸಿದವು.

ಶೇರ್ ಖಾನ್ ಹುಟ್ಟು ಕುಂಟ. ವೈನ್‌ಗಂಗೆಯ ಆಚೆಯ ಹಳ್ಳಿಗರ ದನ ಕೊಂದು ಅಲ್ಲಿನವರು ತಿರುಗಿಬಿದ್ದ ಮೇಲೆ ಜಾಗ ಬದಲಿಸಿ ಸಿವನಿಯ ಕಡೆ ಬಂದದ್ದು ಅವನ ಮೊದಲ ತಪ್ಪು; ಇಲ್ಲಿನ ಹಳ್ಳಿಗರನ್ನೂ ಕೆರಳಿಸುತ್ತಾನೆಂದು ತೋಳಗಳು ಗೊಣಗುತ್ತವೆ. ಖಾನಾಪುರದಲ್ಲಿ ಇದೇ ನಡೆಯಿತು, ಆದರೆ ಹುಲಿಯ ಇಚ್ಛೆಯಿಂದಲ್ಲ. 2014ರ ನವೆಂಬರ್‌ನಲ್ಲಿ ಚಿಕ್ಕಮಗಳೂರು ಜಿಲ್ಲೆಯಲ್ಲಿ ಹೆಂಗಸೊಬ್ಬಳನ್ನು ಕೊಂದ ಹುಲಿಯನ್ನು ಹಿಡಿದು, ಕೊರಳಿಗೆ ರೇಡಿಯೋ ಪಟ್ಟಿ ಹಾಕಿ ಭೀಮಗಡದ ಕಾಡಿಗೆ ತಂದುಬಿಟ್ಟರು. ಜನ ವಿರೋಧಿಸಿದರು, ವನ್ಯಜೀವಿ ತಜ್ಞರಲ್ಲೂ ಇದು ತಪ್ಪೆಂದವರಿದ್ದರು. ಡಿಸೆಂಬರ್‌ನ ಕೊನೆಯ ವಾರ ಆ ಹುಲಿ ಖಾನಾಪುರದ ಹಳ್ಳಿಯೊಂದರ ಹೊಲದಲ್ಲಿ ಇನ್ನೊಬ್ಬ ಹೆಂಗಸನ್ನು ಕೊಂದಿತು. ಕೆಲವೇ ದಿನಗಳಲ್ಲಿ ಅದನ್ನು ಗುಂಡಿಟ್ಟು ಕೊಂದರು. ಒಂದು ಹುಲಿಯನ್ನು ಗೊತ್ತಿಲ್ಲದ ನೆಲಕ್ಕೆ, ಬೇರೆ ಹುಲಿಗಳ ಹದ್ದಿಗೆ ತಂದುಬಿಟ್ಟರೆ ಅದು ಅಂಚಿಗೆ ತಳ್ಳಲ್ಪಟ್ಟು ಊರಿಗೆ ಬರುತ್ತದೆ ಎಂಬುದು ತಜ್ಞರ ವಾದವಾಗಿತ್ತು. ಕಾರ್ಟೂನಿನ ಹುಲಿ ದ್ವೇಷಕ್ಕಾಗಿ ಹುಡುಗನ ಬೆನ್ನು ಬೀಳುತ್ತದೆ. ಖಾನಾಪುರದ ಹುಲಿಗೆ ಇದ್ದದ್ದು ಜಾಗದ ಸಮಸ್ಯೆ.

ಮನುಷ್ಯರ ಹಳ್ಳಿ ಕಿಪ್ಲಿಂಗ್‌ನಲ್ಲಿ ಹೀನಾಯವಾಗಿ ಕಾಣಿಸುತ್ತದೆ: ಮೂಢನಂಬಿಕೆ, ಬಡಾಯಿಯ ಬೇಟೆಗಾರ, ಮಾಟದ ಆರೋಪ. ಕೊನೆಗೆ ಮೋಗ್ಲಿ ಆನೆಗಳನ್ನು ಕರೆತಂದು ಹೊಲ, ಮನೆ ತುಳಿಸಿ ಊರನ್ನೇ ಕಾಡಿಗೆ ಮರಳಿಸುತ್ತಾನೆ. ಜಪಾನಿ ಸರಣಿ ಈ ಕಹಿಯನ್ನು ಬಹಳ ತೆಳು ಮಾಡಿತು. ಖಾನಾಪುರದ ಕಾಡಿನ ಹಳ್ಳಿಗಳ ಕಷ್ಟ ಬೇರೆ. ಭೀಮಗಡದ ಒಳಗೆ ಆಮಗಾಂವ, ಕೃಷ್ಣಾಪುರ, ಕೊಂಗಳಾ, ಗವಾಳಿಯಂಥ ಊರುಗಳಿವೆ. ಜಿಲ್ಲೆಯಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳಿವು. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಕಾಯಿಲೆಯವರನ್ನು ಕಂಬಕ್ಕೆ ಕಟ್ಟಿದ ಜೋಲಿಯಲ್ಲಿ ಕಿಲೋಮೀಟರ್‌ಗಟ್ಟಲೆ ಹೊತ್ತು ತರಬೇಕು. ರಸ್ತೆ, ಸೇತುವೆ ಕೇಳಿದರೆ ವನ್ಯಜೀವಿ ಕಾನೂನು ಅಡ್ಡ. 2025ರಲ್ಲಿ ಭೀಮಗಡದೊಳಗಿನ ತಳೇವಾಡಿಯ ಕುಟುಂಬಗಳು ತಲಾ 15 ಲಕ್ಷ ರೂಪಾಯಿ ಪರಿಹಾರಕ್ಕೆ ಒಪ್ಪಿ ಊರು ಬಿಡಲು ಮುಂದಾದವು. ಬೇರೆ ಊರುಗಳಲ್ಲಿ ಹೋಗೋಣವೆನ್ನುವವರೂ ಇದ್ದಾರೆ, ದೇವರು ದಿಂಡಿರನ್ನು, ಗದ್ದೆಯನ್ನು ಬಿಟ್ಟು ಎಲ್ಲಿಗೆ ಹೋಗುವುದೆನ್ನುವವರೂ ಇದ್ದಾರೆ.

ಮೋಗ್ಲಿ ದೊಡ್ಡವನಾಗಿ ಏನಾದ ಎಂಬುದಕ್ಕೂ ಕಿಪ್ಲಿಂಗ್‌ನಲ್ಲಿ ಉತ್ತರವಿದೆ. ‘ಇನ್ ದ ರುಖ್’ ಎಂಬ ಆ ಕಥೆ ಎರಡೂ ಪುಸ್ತಕಗಳಿಗಿಂತ ಮೊದಲು, 1893ರಲ್ಲೇ ಅಚ್ಚಾಗಿತ್ತು. ಅದರಲ್ಲಿ ಮೋಗ್ಲಿ ತುಂಬು ಯುವಕ. ಗಿಸ್ಬೋರ್ನ್ ಎಂಬ ಯುವ ಅರಣ್ಯಾಧಿಕಾರಿಗೆ ಎದುರಾಗುತ್ತಾನೆ, ಅವನ ಬಟ್ಲರನ ಮಗಳನ್ನು ಮೆಚ್ಚಿ ಮದುವೆಯಾಗುತ್ತಾನೆ. ಮುಲ್ಲರ್ ಎಂಬ ಜರ್ಮನ್ ಮೇಲಧಿಕಾರಿ ಅವನ ಮೊಣಕಾಲು, ಮೊಣಕೈಗಳ ಮೇಲಿನ ಹಳೆಯ ಗಾಯದ ಗುರುತು ನೋಡಿ, ನಾಲ್ಕು ಕಾಲಲ್ಲಿ ಓಡಾಡಿ ಬೆಳೆದವನೆಂದು ಗುರುತಿಸಿ ಇಲಾಖೆಯಲ್ಲಿ ನೌಕರಿ ಕೊಡುತ್ತಾನೆ. ಹುಲಿಯ ಸುಳಿವು ಹೇಳುವುದು, ಬೆಂಕಿ ಕಾಯುವುದು, ಬೇಟೆಯ ಲೆಕ್ಕ ಇಡುವುದು ಕೆಲಸ. ತಿಂಗಳಿಗೆ ಸಂಬಳ, ವಯಸ್ಸಾದ ಮೇಲೆ ಪಿಂಚಣಿ. ಭೀಮಗಡದ ಫಾರೆಸ್ಟ್ ಗಾರ್ಡು, ವಾಚರುಗಳ ದಿನಚರಿ ಇದಕ್ಕಿಂತ ಬಹಳ ಬೇರೆಯಲ್ಲ: ಬೇಸಿಗೆಗೆ ಮೊದಲು ಬೆಂಕಿ ರೇಖೆ ಸವರುವುದು, ಹೆಜ್ಜೆ ಗುರುತು ನೋಡುವುದು, ಕ್ಯಾಮೆರಾ ಟ್ರ್ಯಾಪಿನ ಬ್ಯಾಟರಿ ಬದಲಿಸುವುದು, ಗದ್ದೆಗೆ ಆನೆ ಬಂದರೆ ರಾತ್ರಿಯೇ ಓಡುವುದು. ಅವರಲ್ಲಿ ದಿನಗೂಲಿಗೆ, ಗುತ್ತಿಗೆಗೆ ದುಡಿಯುವವರಿಗೆ ಮೋಗ್ಲಿಗೆ ಸಿಕ್ಕ ಪಿಂಚಣಿ ಸಿಗುವುದಿಲ್ಲ. ಈ ಕಥೆಯನ್ನು ಡಿಸ್ನಿಯೂ ಜಪಾನಿನವರೂ ಮುಟ್ಟಲಿಲ್ಲ. ದೂರದರ್ಶನದ ಮೋಗ್ಲಿ ಹಳ್ಳಿಯ ಮನೆ ಸೇರಿ, ಆಗಾಗ ಕಾಡಿಗೆ ಹೋಗಿಬರುವ ಹುಡುಗನಾಗಿಯೇ 52ನೆಯ ಕಂತು ಮುಗಿಸಿದ.